ಪೈಥಾನ್ ಬರೆಯುವವರಿಗೆ ಸಿ ಕಂಪೈಲರ್ ಯಾಕೆ ಬೇಕು?

ಪ್ರಶ್ನೆ: ‘ಸರ್, ಪಿಪ್‌ನಿಂದ ಸೈಪೈ ಹಾಕಲು ಹೋದರೆ ಪರದೆ ತುಂಬ ಕೆಂಪು ಅಕ್ಷರ ಬರ್ತದೆ. ಕಂಪೈಲರ್ ಇಲ್ಲ ಅಂತದೆ. ನನ್ನ ಲ್ಯಾಪ್‌ಟಾಪೇ ಸರಿ ಇಲ್ಲೇನ್ರಿ?’

ಲ್ಯಾಪ್‌ಟಾಪ್ ಸರಿ ಇದೆ. ಹುಬ್ಬಳ್ಳಿಯಲ್ಲಿ ಪೈಥಾನ್ ಕಲಿಸುವ ನನಗೆ ಪ್ರತಿ ಸೆಮಿಸ್ಟರ್‌ಗೂ ಇದೇ ಪ್ರಶ್ನೆ. ಇನ್ನೊಮ್ಮೆ ಹೇಳುತ್ತೇನೆ.

ಪಿಪ್ ಎಂದರೆ ಪೈಥಾನ್‌ಗೆ ಲೈಬ್ರರಿ ತಂದು ಹಾಕುವ ಸಾಧನ. ಸೈಪೈ, ನಂಪೈ ಹೆಸರಿಗೆ ಪೈಥಾನ್‌ನ ಲೆಕ್ಕದ ಲೈಬ್ರರಿಗಳು, ಅಂದರೆ ಬರೆದಿಟ್ಟ ಕೋಡಿನ ಕಟ್ಟುಗಳು. ಒಳಗೆ ಲೆಕ್ಕ ಮಾಡುವುದು ಹೆಚ್ಚಾಗಿ ಸಿ ಥರದ ಭಾಷೆಗಳ ಕೋಡ್. ಅದನ್ನು ಯಾರಾದರೂ ಕಂಪೈಲ್ ಮಾಡಲೇಬೇಕು, ಅಂದರೆ ಪ್ರೊಸೆಸರ್ ನೇರವಾಗಿ ಓಡಿಸುವ ರೂಪಕ್ಕೆ ತಿರುಗಿಸಬೇಕು. ಆ ಕೆಲಸ ಮಾಡುವುದೇ ಕಂಪೈಲರ್. ಜೋಳ ಗಿರಣಿಗೆ ಹಾಕಿಸಿ, ಹಿಟ್ಟು ನಾದಿ, ರೊಟ್ಟಿ ಬಡಿಯುವುದು ಒಂದು ದಾರಿ. ಬಡಿದಿಟ್ಟ ಖಡಕ್ ರೊಟ್ಟಿ ತರುವುದು ಇನ್ನೊಂದು. ಆ ಖಡಕ್ ರೊಟ್ಟಿಯೇ ‘ವೀಲ್’ ಫೈಲ್, ಮೊದಲೇ ಕಂಪೈಲ್ ಮಾಡಿಟ್ಟ ಲೈಬ್ರರಿ. ನಿಮ್ಮ ಪೈಥಾನ್‌ಗೆ ಹೊಂದುವ ವೀಲ್ ಸಿಗದಿದ್ದರೆ ಪಿಪ್ ಮೂಲ ಕೋಡ್ ಇಳಿಸಿಕೊಂಡು ನಿಮ್ಮಲ್ಲೇ ಕಂಪೈಲ್ ಮಾಡಲು ಹೊರಡುತ್ತದೆ. ಕಂಪೈಲರ್ ಇಲ್ಲದಿದ್ದರೆ ಕೆಂಪು ಅಕ್ಷರ ಬರುವುದು ಆಗಲೇ.

ಕಳೆದ ವಾರ ಗದಗಿನಿಂದ ಬಂದ ವಿದ್ಯಾರ್ಥಿನಿಯ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ತೆರೆಸಿದೆ. ಮೊದಲ ಸಾಲಿನ ಬ್ರಾಕೆಟ್ ಒಳಗೆ ‘32 ಬಿಟ್’ ಅಂತಿತ್ತು. ವಿಂಡೋಸ್ 64 ಬಿಟ್, ಪೈಥಾನ್ ಮಾತ್ರ 32. ಸೈಪೈ ತಂಡ ವಿಂಡೋಸ್‌ನ 32 ಬಿಟ್ ಪೈಥಾನ್‌ಗೆ ವೀಲ್ ಕೊಡುವುದನ್ನು ಯಾವಾಗಲೋ ನಿಲ್ಲಿಸಿದೆ. 64 ಬಿಟ್ ಪೈಥಾನ್ ಹಾಕಿದೆವು, ಸೈಪೈ ಸುಮ್ನೆ ಇಳಿಯಿತು. ಒಂದು ಎಚ್ಚರ: ಸಾಲಿನ ಕೊನೆಯಲ್ಲಿ ಬರುವ ‘ವಿನ್32’ ನೋಡಿ ಮೋಸ ಹೋಗಬೇಡಿ. 64 ಬಿಟ್ ಪೈಥಾನ್‌ನಲ್ಲೂ ಅದು ಹಾಗೇ ಇರುತ್ತದೆ. ಬ್ರಾಕೆಟ್ ಒಳಗೆ ನೋಡಿ.

ಈಗ ನನ್ನನ್ನು ಬಹಳ ಕಾಡಿದ ಮಾತಿಗೆ ಬರುತ್ತೇನೆ. ‘ರೆಡಿಮೇಡ್ ವೀಲ್ ನಿಧಾನ, ಸ್ವಂತ ಕಂಪೈಲ್ ಮಾಡಿದರೆ ನಮ್ಮ ಪ್ರೊಸೆಸರ್‌ಗೆ ಹೊಂದಿಕೊಂಡು ಜೋರಾಗಿ ಓಡುತ್ತದೆ.’ ಇದನ್ನು ಸೀನಿಯರ್‌ಗಳು ಜೂನಿಯರ್‌ಗಳಿಗೆ ಹೇಳುತ್ತಲೇ ಇದ್ದಾರೆ. ನಂಪೈ ವಿಷಯದಲ್ಲಿ ಇದು ತಪ್ಪು. ಅದರ ವೀಲ್‌ನೊಳಗೆ ಭಾರದ ಲೆಕ್ಕಗಳಿಗೆ ಒಂದೇ ಕೋಡ್ ಇರುವುದಿಲ್ಲ. ಬೇರೆ ಬೇರೆ ಪ್ರೊಸೆಸರ್‌ಗೆ ಬೇರೆ ಬೇರೆ ರೂಪ ಇರುತ್ತದೆ. ಓಡುವ ಹೊತ್ತಿಗೆ ನಿಮ್ಮ ಪ್ರೊಸೆಸರ್‌ಗೆ ಎವಿಎಕ್ಸ್2 (ಹಲವು ಲೆಕ್ಕ ಒಟ್ಟಿಗೆ ಮಾಡುವ ಆದೇಶಗಳು) ಬರುತ್ತದೋ ಇಲ್ಲವೋ ನೋಡಿ, ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಸಾಮಾನ್ಯವಾಗಿ ಜೊತೆಗೇ ಬರುವ ಓಪನ್‌ಬ್ಲಾಸ್ ಎಂಬ ಲೈಬ್ರರಿ ಕೂಡ ಹೀಗೇ ಮಾಡುತ್ತದೆ. ನೀವೇ ಕಂಪೈಲ್ ಮಾಡುವಾಗ ಓಪನ್‌ಬ್ಲಾಸ್ ಥರದ್ದು ಯಾವುದೂ ಸಿಗದಿದ್ದರೆ ನಂಪೈ ತನ್ನದೇ ಸಾದಾ ಕೋಡ್ ಬಳಸಿಬಿಡಬಹುದು. ಆಗ ದೊಡ್ಡ ಮ್ಯಾಟ್ರಿಕ್ಸ್ ಗುಣಾಕಾರ ಎಷ್ಟೋ ಪಟ್ಟು ನಿಧಾನ. ಅಂದರೆ ಗಂಟೆಗಟ್ಟಲೆ ಕಷ್ಟಪಟ್ಟು ವೇಗ ಕಳೆದುಕೊಂಡ ಹಾಗಾಯಿತು, ಅಲ್ವಾ? ನನ್ನ ಮಾತು ನಂಬಬೇಡಿ. 2000 ಸಾಲು, 2000 ಕಂಬದ ಎರಡು ಮ್ಯಾಟ್ರಿಕ್ಸ್‌ಗಳನ್ನು ಎರಡೂ ರೀತಿಯ ನಂಪೈನಲ್ಲಿ ಗುಣಿಸಿ, ಸಮಯ ನೋಡಿ.

ಲೈಬ್ರರಿಯ ಕೋಡನ್ನೇ ತಿದ್ದುವವರು ಕಂಪೈಲ್ ಮಾಡಲಿ, ಅದು ಬೇರೆ ಮಾತು.

ಈ ವೀಲ್‌ಗಳನ್ನು ಕಟ್ಟಿಕೊಡುವವರು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನಲ್ಲಿದ್ದ ಕ್ರಿಸ್ಟೋಫ್ ಗೋಲ್ಕೆ ಎಂಬುವವರು ವಿಂಡೋಸ್‌ಗಾಗಿ ನೂರಾರು ಲೈಬ್ರರಿಗಳನ್ನು ವರ್ಷಗಟ್ಟಲೆ ಕಂಪೈಲ್ ಮಾಡಿ ಪುಕ್ಕಟೆ ಹಂಚಿದರು. ನಾವೆಲ್ಲ ಅವರ ಋಣದಲ್ಲಿದ್ದೇವೆ. 2022ರಲ್ಲಿ ಆ ಸೇವೆ ನಿಂತಿತು. ಆದ್ದರಿಂದ ಹಳೆಯ ವಿಡಿಯೊ ನೋಡಿ ಆ ಪುಟ ಹುಡುಕಬೇಡಿ. ಈಗ ಹೆಚ್ಚಿನ ಲೈಬ್ರರಿಗಳ ತಂಡದವರೇ ವೀಲ್ ಹಾಕುತ್ತಾರೆ. ಧಾರವಾಡದಲ್ಲಿ ಕೃಷಿ, ಭೂಗೋಳ ಓದುತ್ತಾ ನಕ್ಷೆ ಕೆಲಸಕ್ಕೆ ಜಿಡಾಲ್ ಎಂಬ ಲೈಬ್ರರಿ ಬೇಕಾದವರು ಪಿಪ್ ಜೊತೆ ಗುದ್ದಾಡಬೇಡಿ, ಕಾಂಡಾ-ಫೋರ್ಜ್ ಎಂಬ ರೆಡಿಮೇಡ್ ಲೈಬ್ರರಿಗಳ ಭಂಡಾರದಿಂದ ಹಾಕಿಕೊಳ್ಳಿ.