ವೆರಿ, ರಿಯಲಿ, ಸೋ: ಸವೆಯುತ್ತಲೇ ಇರುವ ಒತ್ತಿನ ಪದಗಳು

1754ರ ಡಿಸೆಂಬರ್ 5ರಂದು ಲಂಡನ್ನಿನ 'ದಿ ವರ್ಲ್ಡ್' ಎಂಬ ವಾರಪತ್ರಿಕೆಯಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಬರೆದ ಲೇಖನವೊಂದು ಪ್ರಕಟವಾಯಿತು. ಮರುವರ್ಷ ಹೊರಬರಲಿದ್ದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟನ್ನು ಸ್ವಾಗತಿಸಲು ಬರೆದ ಆ ಲೇಖನದಲ್ಲಿ ಆತ ಅಂದಿನ ಸಿರಿವಂತ ಸಮಾಜದ ಒಂದು ಮಾತಿನ ಚಟವನ್ನು ಗೇಲಿ ಮಾಡಿದ. 'ವಾಸ್ಟ್' ಎಂದರೆ ವಿಶಾಲ, ಅಪಾರ. ಆದರೆ ಅದರಿಂದ ಬಂದ 'ವಾಸ್ಟ್‌ಲಿ' ಎಂಬ ಪದವನ್ನು ಜನ ಸಂತೋಷಕ್ಕೂ ಸಂಕಟಕ್ಕೂ, ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ಸಮನೆ ಹಚ್ಚತೊಡಗಿದ್ದರು. ನಶ್ಯದ ಪುಟ್ಟ ಚಿನ್ನದ ಡಬ್ಬಿಯೊಂದನ್ನು ಕಂಡ ಮಹಿಳೆಯೊಬ್ಬಳು ಅದು 'ವಾಸ್ಟ್‌ಲಿ' ಮುದ್ದಾಗಿದೆ, ಏಕೆಂದರೆ ಅದು 'ವಾಸ್ಟ್‌ಲಿ' ಚಿಕ್ಕದು ಎಂದಳೆಂದು ಆತ ಉದಾಹರಣೆ ಕೊಡುತ್ತಾನೆ. ಅಪಾರವಾಗಿ ಚಿಕ್ಕದು ಎಂಬ ಮಾತಿಗೆ ಅರ್ಥವೇನು ಎಂಬುದು ಅವನ ಆಕ್ಷೇಪ. ಆದರೆ ಅದೇ ವಾಕ್ಯದಲ್ಲಿ ಆ ಡಬ್ಬಿಯನ್ನು ವರ್ಣಿಸಲು ಆತ ಬಳಸಿದ್ದು 'ವೆರಿ ಸ್ಮಾಲ್' ಎಂಬ ಪದಗಳನ್ನು. ಆ 'ವೆರಿ'ಯ ಇತಿಹಾಸವೂ 'ವಾಸ್ಟ್‌ಲಿ'ಯ ಇತಿಹಾಸದಂಥದ್ದೇ. ಅದು ನಡೆದು ಮೂರು ಶತಮಾನಗಳಾಗಿದ್ದರಿಂದ ಯಾರ ಕಿವಿಗೂ ಅದು ಚುಚ್ಚುತ್ತಿರಲಿಲ್ಲ, ಅಷ್ಟೆ.

'ವೆರಿ' ಹುಟ್ಟಿದ್ದು 'ಸತ್ಯ', 'ನಿಜ' ಎಂಬರ್ಥದ ಲ್ಯಾಟಿನ್ ಪದದಿಂದ. ಹಳೆಯ ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕವಿ ಚಾಸರ್ ತನ್ನ ಯೋಧನ ಪಾತ್ರವನ್ನು ಪರಿಚಯಿಸುವಾಗ ಈ ಪದವನ್ನು ಬಳಸಿದ್ದು 'ನಿಜವಾದ ಯೋಧ' ಎಂಬರ್ಥದಲ್ಲೇ ಹೊರತು 'ಬಹಳ' ಎಂಬರ್ಥದಲ್ಲಲ್ಲ. 'ನಿಜವಾಗಿಯೂ ಒಳ್ಳೆಯವನು' ಎಂದು ಒತ್ತಿ ಹೇಳುವ ಉದ್ದೇಶವಾದರೂ ಏನು? ಅವನ ಒಳ್ಳೆಯತನ ಸಾಮಾನ್ಯದ್ದಲ್ಲ ಎಂದು ಸೂಚಿಸುವುದೇ ಅಲ್ಲವೆ? ಹೀಗೆ ಸತ್ಯದ ಮಾತು ಪ್ರಮಾಣದ ಮಾತಾಗಿ ಜಾರಿತು. ಕೆಲವು ಶತಮಾನಗಳ ಬಳಿಕ 'ರಿಯಲಿ' ಎಂಬ ಪದವೂ ಇದೇ ಹಾದಿ ತುಳಿಯಿತು. ಇಂದು 'ರಿಯಲಿ ಟೈರ್ಡ್' ಎನ್ನುವ ಹುಡುಗಿ ತನ್ನ ದಣಿವಿನ ಸತ್ಯಾಸತ್ಯತೆಗೆ ಸಾಕ್ಷ್ಯ ನುಡಿಯುತ್ತಿಲ್ಲ. ದಣಿವು ಹೆಚ್ಚಾಗಿದೆ ಎನ್ನುತ್ತಿದ್ದಾಳೆ.

ಗುಣವಾಚಕದ ಮೊದಲು ನಿಂತು ಅದರ ಬಿಗಿಯನ್ನು ಹೆಚ್ಚಿಸುವ ಇಂಥ ಪದಗಳನ್ನು ಭಾಷಾವಿಜ್ಞಾನಿಗಳು ತೀವ್ರತಾವಾಚಕಗಳೆನ್ನುತ್ತಾರೆ. ಇವುಗಳ ಮೂಲ ಅರ್ಥ ಸವೆಯುವ ಬಗೆಯನ್ನು 'ಟೆರಿಬ್ಲಿ' ಎಂಬ ಒಂದೇ ಪದದಲ್ಲಿ ಹತ್ತಿರದಿಂದ ನೋಡಬಹುದು. 'ಟೆರಿಬ್ಲಿ ವೂಂಡೆಡ್' ಎಂದಾಗ ಗಾಯವೂ ಭೀಕರ, ಅದರ ಪ್ರಮಾಣವೂ ಹೆಚ್ಚು. ಎರಡು ಅರ್ಥಗಳೂ ಒಟ್ಟಿಗೆ ಕೂಡುತ್ತವೆ. 'ಟೆರಿಬ್ಲಿ ಟೈರ್ಡ್' ಎಂದಾಗ ಭೀಕರತೆ ಮಸುಕಾಗಿ ಪ್ರಮಾಣವಷ್ಟೇ ಮುಂದೆ ಬರುತ್ತದೆ. 'ಟೆರಿಬ್ಲಿ ಕೈಂಡ್' ಎಂದಾಗಲಂತೂ ಭಯದ ಸುಳಿವೇ ಇಲ್ಲ. ದಯೆ ಹೆಚ್ಚು ಎಂಬುದೊಂದೇ ಉಳಿಯುತ್ತದೆ. ಎರಡು ಅರ್ಥಗಳಿಗೂ ಎಡೆಯಿರುವ ಮೊದಲ ಬಗೆಯ ಸಂದರ್ಭಗಳೇ ಸೇತುವೆ. ಅವುಗಳನ್ನು ಕೇಳಿ ಬೆಳೆದ ಮುಂದಿನವರು ಪದವನ್ನು ಬರೀ ಪ್ರಮಾಣಸೂಚಕವೆಂದೇ ಕಲಿಯುತ್ತಾರೆ. 'ಊಟ ಭಯಂಕರ ಚೆನ್ನಾಗಿತ್ತು' ಎನ್ನುವ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಳೆಯ ಪದ ಇರುವಾಗ ಹೊಸದೇಕೆ ಬೇಕು? ತೀವ್ರತಾವಾಚಕದ ಮುಖ್ಯ ಕೆಲಸ ಮಾಹಿತಿ ಕೊಡುವುದಲ್ಲ, ಮಾತನಾಡುವವರ ಭಾವದ ಬಿಸಿಯನ್ನು ಕೇಳುವವರಿಗೆ ಮುಟ್ಟಿಸುವುದು. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1984ರಲ್ಲಿ ತೀವ್ರತೆಯನ್ನು ಸಾಮಾಜಿಕ ಹಾಗೂ ಭಾವನಾತ್ಮಕ ಅಭಿವ್ಯಕ್ತಿಯ ಕೇಂದ್ರದಲ್ಲೇ ಇಟ್ಟದ್ದು ಇದಕ್ಕಾಗಿ. ಎಲ್ಲರೂ ಎಲ್ಲದಕ್ಕೂ ಬಳಸುವ ಪದ ಬಿಸಿ ಮುಟ್ಟಿಸಲಾರದು. ಅದು ಯಶಸ್ವಿಯಾದಷ್ಟೂ ದುರ್ಬಲವಾಗುತ್ತದೆ. ಭಾಷೆಯ ಬೇರೆ ಯಾವ ಮೂಲೆಯಲ್ಲೂ ಬದಲಾವಣೆ ಇಷ್ಟು ಬೇಗ ನಡೆಯುವುದನ್ನು ಕಾಣುವುದು ಕಷ್ಟ. ಆದ್ದರಿಂದ ಈ ಸವೆತವನ್ನು ಭಾಷೆ ಕೆಟ್ಟದ್ದರ ಗುರುತೆಂದು ಭಾವಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಹಳೆಯ ಇಂಗ್ಲಿಷಿನಲ್ಲಿ ಈ ಪಟ್ಟದಲ್ಲಿದ್ದದ್ದು 'ಬಲವಾದ' ಎಂಬ ಪದದಿಂದ ಬಂದ 'ಸ್ವಿದೆ'. ಅದು ಇಂದು ಹೆಸರಿಲ್ಲದಂತೆ ಅಳಿದಿದೆ. ಬಳಿಕ 'ವೆಲ್', 'ಫುಲ್', 'ರೈಟ್' ಒಂದೊಂದು ಕಾಲದಲ್ಲಿ ಮೆರೆದವು; ಹದಿನಾರನೆಯ ಶತಮಾನದ ಹೊತ್ತಿಗೆ 'ವೆರಿ' ಅವನ್ನೆಲ್ಲ ಹಿಂದೆ ಹಾಕಿತು. ಸೋತ ಪದಗಳೆಲ್ಲ ಸಾಯಲಿಲ್ಲ. ಬ್ರಿಟಿಷ್ ಸಂಸತ್ತಿನ 'ರೈಟ್ ಆನರಬಲ್' ಎಂಬ ಬಿರುದಿನಲ್ಲಿ 'ರೈಟ್' ಎಂಬುದು 'ಬಹಳ' ಎಂಬ ಹಳೆಯ ಅರ್ಥದಲ್ಲೇ ಉಳಿದುಕೊಂಡಿದೆ. 'ವೆಲ್' ಅಂತೂ ಮರಳಿ ಬಂತು. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 1993ರಲ್ಲಿ ಲಂಡನ್ನಿನ ಹದಿಹರೆಯದವರ ಮಾತನ್ನು ಧ್ವನಿಮುದ್ರಿಸಿ ಸಂಗ್ರಹಿಸಿದಾಗ, 'ವೆಲ್ ಹಾರ್ಡ್' ಎಂಬಂಥ ಬಳಕೆ ಆ ಮಕ್ಕಳ ಬಾಯಲ್ಲಿ ಜೀವಂತವಾಗಿತ್ತು. ಹೊಸ ಪೀಳಿಗೆಯ ಗ್ರಾಮ್ಯವೆಂದು ಹಿರಿಯರು ಮೂಗು ಮುರಿಯುವ ಈ ಬಳಕೆಗೆ ಸಾವಿರ ವರ್ಷದ ವಂಶಾವಳಿಯಿದೆ.

ಈ ಪದಗಳು ಅರ್ಥದ ಮೇಲೆ ಮಾಡುವ ಪರಿಣಾಮವನ್ನು ಅಳೆಯಲೂ ಪ್ರಯತ್ನಗಳು ನಡೆದಿವೆ. ನಾರ್ಮನ್ ಕ್ಲಿಫ್ ಎಂಬ ಮನೋವಿಜ್ಞಾನಿ 1959ರಲ್ಲಿ ವಿದ್ಯಾರ್ಥಿಗಳಿಗೆ ಗುಣವಾಚಕಗಳನ್ನು ಒಂಟಿಯಾಗಿಯೂ ತೀವ್ರತಾವಾಚಕಗಳ ಜೊತೆಗೂಡಿಸಿಯೂ ಕೊಟ್ಟು, ಪ್ರತಿಯೊಂದೂ ಎಷ್ಟು ಒಳ್ಳೆಯದು ಅಥವಾ ಎಷ್ಟು ಕೆಟ್ಟದ್ದು ಎಂದು ಅಳತೆಪಟ್ಟಿಯ ಮೇಲೆ ಗುರುತಿಸಲು ಹೇಳಿದ. ತೀವ್ರತಾವಾಚಕವು ಗುಣವಾಚಕದ ಮೌಲ್ಯಕ್ಕೆ ಏನನ್ನೋ ಕೂಡಿಸುವುದಿಲ್ಲ, ಅದನ್ನು ಗುಣಿಸುತ್ತದೆ ಎಂಬುದು ಅವನ ತೀರ್ಮಾನ. 'ವೆರಿ'ಗಿಂತ 'ಎಕ್ಸ್‌ಟ್ರೀಮ್ಲಿ'ಯ ಗುಣಕ ದೊಡ್ಡದು. 'ಸ್ಲೈಟ್ಲಿ'ಯದು ಒಂದಕ್ಕಿಂತ ಕಡಿಮೆ. ಅದೇ 'ವೆರಿ' ಒಳ್ಳೆಯದನ್ನು ಮೇಲಕ್ಕೂ ಕೆಟ್ಟದ್ದನ್ನು ಕೆಳಕ್ಕೂ ತಳ್ಳುವುದು ಇದರಿಂದ ಸಹಜವಾಗಿ ವಿವರವಾಗುತ್ತದೆ.

ಆದರೆ ಎಲ್ಲ ಗುಣವಾಚಕಗಳೂ ಗುಣಾಕಾರಕ್ಕೆ ಒಗ್ಗುವುದಿಲ್ಲ. 'ಟಾಲ್' ಎಂಬುದಕ್ಕೆ ಮೇಲ್ಮಿತಿಯಿಲ್ಲ, ಎತ್ತರ ಬೆಳೆಯುತ್ತಲೇ ಹೋಗಬಹುದು. ಹಾಗಾಗಿ ಅದು 'ವೆರಿ'ಯನ್ನು ಒಪ್ಪುತ್ತದೆ, 'ಕಂಪ್ಲೀಟ್ಲಿ'ಯನ್ನು ಒಪ್ಪುವುದಿಲ್ಲ. ಲೋಟ 'ಫುಲ್' ಆಗುವುದಕ್ಕೆ ಒಂದು ಅಂಚಿದೆ. ಅಲ್ಲಿ 'ಕಂಪ್ಲೀಟ್ಲಿ' ಸಲೀಸಾಗಿ ಕೂರುತ್ತದೆ. ಕ್ರಿಸ್ಟೋಫರ್ ಕೆನಡಿ ಮತ್ತು ಲೂಯಿಸ್ ಮೆಕ್‌ನಾಲಿ 2005ರಲ್ಲಿ ಗುಣವಾಚಕಗಳ ಹಿಂದಿರುವ ಈ ಅಳತೆಪಟ್ಟಿಗಳನ್ನು, ತುದಿಯುಳ್ಳವು ಮತ್ತು ತುದಿಯಿಲ್ಲದವು ಎಂದು ವಿಂಗಡಿಸಿ, ವಿವರವಾಗಿ ಚರ್ಚಿಸಿದರು. 'ಎಕ್ಸಲೆಂಟ್', 'ಎಕ್ಸಾಸ್ಟೆಡ್' ಮುಂತಾದವು ಆಗಲೇ ತುತ್ತತುದಿಯ ಮಾತುಗಳು. ನಮ್ಮಲ್ಲಿ ಇಂಗ್ಲಿಷ್ ಕಲಿಯುವವರು ಬರೆಯುವ 'ವೆರಿ ಎಕ್ಸಲೆಂಟ್' ಇಂಗ್ಲಿಷರ ಕಿವಿಗೆ ಒಗ್ಗದಿರುವುದೂ, ಅಲ್ಲಿ 'ಅಬ್ಸಲ್ಯೂಟ್ಲಿ' ಹೊಂದುವುದೂ ಈ ಕಾರಣಕ್ಕೆ.

ಕನ್ನಡಿಗರಿಗೆ ತೊಡಕಾಗುವ ಇನ್ನೊಂದು ಪದ 'ಟೂ'. ಕಾಫಿ 'ವೆರಿ ಹಾಟ್' ಎಂದರೆ ಚೆನ್ನಾಗಿ ಬಿಸಿಯಿದೆ. 'ಟೂ ಹಾಟ್' ಎಂದರೆ ಕುಡಿಯಲಾಗದಷ್ಟು ಬಿಸಿ. ಕನ್ನಡದಲ್ಲಿ 'ತುಂಬಾ ಬಿಸಿ' ಎಂಬುದು ಎರಡೂ ಕೆಲಸ ಮಾಡುತ್ತದೆ, ಯಾವ ಅರ್ಥವೆಂಬುದನ್ನು ಸಂದರ್ಭ ಹೇಳುತ್ತದೆ. ಸಂಗೀತ 'ಟೂ ಗುಡ್' ಎಂದು ನಾವು ಮೆಚ್ಚಿಕೊಳ್ಳುವ ರೂಢಿಗೆ ಇದೂ ಒಂದು ಕಾರಣವಿರಬಹುದು. ಇನ್ನು 'ಕ್ವೈಟ್ ಗುಡ್' ಎಂಬುದರಲ್ಲಿ ಅಮೆರಿಕದವರು ಮೆಚ್ಚುಗೆಯನ್ನೂ ಬ್ರಿಟಿಷರು 'ಪರವಾಗಿಲ್ಲ' ಎಂಬ ಅರೆಮನಸ್ಸನ್ನೂ ಕೇಳುವುದುಂಟು.

ಯಾವ ಪದ ಏಳುತ್ತಿದೆ, ಯಾವುದು ಇಳಿಯುತ್ತಿದೆ ಎಂದು ತಿಳಿಯಲು ಸಂಶೋಧಕರು ಒಂದೇ ಊರಿನ ಬೇರೆ ಬೇರೆ ವಯಸ್ಸಿನವರ ಮಾತನ್ನು ಹೋಲಿಸುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಮನುಷ್ಯನ ಭಾಷೆ ಬಹುಮಟ್ಟಿಗೆ ನೆಲೆ ನಿಲ್ಲುವುದರಿಂದ, ಅಜ್ಜಿಯ ಮಾತು ಅವಳ ಯೌವನದ ಕಾಲದ ದಾಖಲೆಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ರಿಕಾ ಇಟೊ ಮತ್ತು ಸಾಲಿ ಟ್ಯಾಗ್ಲಿಯಮಾಂಟೆ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹೀಗೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿರಿಯರು 'ವೆರಿ'ಗೆ ಅಂಟಿಕೊಂಡಿದ್ದರೆ ಕಿರಿಯರಲ್ಲಿ 'ರಿಯಲಿ' ಮೇಲುಗೈ ಪಡೆದಿತ್ತು. 2005ರಲ್ಲಿ ಟ್ಯಾಗ್ಲಿಯಮಾಂಟೆ ಮತ್ತು ಕ್ರಿಸ್ ರಾಬರ್ಟ್ಸ್ ಅಮೆರಿಕದ ಜನಪ್ರಿಯ ಟಿವಿ ಧಾರಾವಾಹಿ 'ಫ್ರೆಂಡ್ಸ್'ನ ಸಂಭಾಷಣೆಗಳನ್ನು ಜಾಲಾಡಿದಾಗ ಮೊದಲ ಸ್ಥಾನದಲ್ಲಿದ್ದದ್ದು 'ಸೋ'. ಅದನ್ನು ಹೆಚ್ಚಾಗಿ ಬಳಸಿದವು ಸ್ತ್ರೀಪಾತ್ರಗಳು. ಎರಡೂ ಅಧ್ಯಯನಗಳಲ್ಲಿ ಹೆಚ್ಚು ಕಡಿಮೆ ನಾಲ್ಕೈದು ಗುಣವಾಚಕಗಳಿಗೆ ಒಂದರಂತೆ ಮಾತ್ರ ಒತ್ತಿನ ಪದ ಸೇರಿತ್ತು. ಯುವಕರು ಒತ್ತಿಲ್ಲದೆ ಮಾತೇ ಆಡುವುದಿಲ್ಲ ಎಂಬ ಸಾಮಾನ್ಯ ದೂರಿಗೆ ಈ ಲೆಕ್ಕ ಬೆಂಬಲ ಕೊಡುವುದಿಲ್ಲ.

ಟ್ಯಾಗ್ಲಿಯಮಾಂಟೆ ಬಳಿಕ ಕೆನಡಾದ ಟೊರಾಂಟೊದಲ್ಲೂ ಇದೇ ಹುಡುಕಾಟ ನಡೆಸಿ 2008ರಲ್ಲಿ ಫಲಿತಾಂಶವನ್ನು ಮುಂದಿಟ್ಟರು. ಅಲ್ಲಿಯೂ 'ವೆರಿ' ಹಿರಿಯರ ಪದವಾಗಿ ಹಿಂದೆ ಸರಿದಿತ್ತು, 'ರಿಯಲಿ' ಗದ್ದುಗೆಯಲ್ಲಿತ್ತು, 'ಸೋ' ಯುವತಿಯರ ಮಾತಿನಲ್ಲಿ ಏರುತ್ತಿತ್ತು. ಯುವಕರು ಹಿಡಿದುಕೊಂಡದ್ದು 'ಪ್ರೆಟಿ' ಎಂಬ ಪದವನ್ನು: ಮೂಲದಲ್ಲಿ 'ಕುಯುಕ್ತಿಯ' ಎಂಬರ್ಥವಿದ್ದು, ಬಳಿಕ 'ಮುದ್ದಾದ' ಎಂದಾಗಿ, ಹದಿನಾರನೆಯ ಶತಮಾನದಷ್ಟು ಹಿಂದೆಯೇ ಗುಣವಾಚಕಗಳ ಮೊದಲು ಬಂದು ನಿಂತಿದ್ದ ಪದವದು.