ಪದ ಪರಿಚಯ: ಮೇಮ್ ಕ್ಯಾಬ್

ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ಇರುತ್ತಿದ್ದ ಆಳೆತ್ತರದ ಪೆಟ್ಟಿಗೆ ನೆನಪಿದೆ ಅಲ್ವಾ? ಅದರ ಒಳಗಿನ ಗೇಮ್ ಬೋರ್ಡ್ ಬಿಚ್ಚಿ ಪಕ್ಕಕ್ಕಿಡಿ. ಆ ಜಾಗಕ್ಕೆ ಒಂದು ಮಾಮೂಲಿ ಕಂಪ್ಯೂಟರ್ ಕೂರಿಸಿ. ಜಾಯ್‌ಸ್ಟಿಕ್, ಬಟನ್, ಸ್ಪೀಕರ್, ಪಿಕ್ಚರ್ ಟ್ಯೂಬ್ ಎಲ್ಲ ಹಳೆಯವೇ ಇರಲಿ. ಹೀಗೆ ಬದಲಾದ ಪೆಟ್ಟಿಗೆಗೆ ಮೇಮ್ ಕ್ಯಾಬಿನೆಟ್ ಅನ್ನುತ್ತಾರೆ. ಹವ್ಯಾಸಿಗಳ ಬಾಯಲ್ಲಿ ಅದು ಬರೀ ಮೇಮ್ ಕ್ಯಾಬ್. ಒಂದೇ ಗೇಮ್ ಆಡಿಸುತ್ತಿದ್ದ ಪೆಟ್ಟಿಗೆ ಈಗ ಸಾವಿರಾರು ಗೇಮ್ ಆಡಿಸುತ್ತದೆ. ಹೊಸ ಪ್ಲೈವುಡ್ ಕೊಯ್ದು ಮಾಡಿಕೊಂಡ ಪೆಟ್ಟಿಗೆಗೂ ಇದೇ ಹೆಸರು ಹೇಳುವುದುಂಟು. ಇಲ್ಲಿ ಮಾತು ಹಳೇ ಪೆಟ್ಟಿಗೆಯದ್ದು.

ಮೇಮ್ ಅನ್ನುವುದು ಆ ಕಂಪ್ಯೂಟರ್‌ನಲ್ಲಿ ಓಡುವ ಸಾಫ್ಟ್‌ವೇರ್. ಪೂರ್ತಿ ಹೆಸರು ಮಲ್ಟಿಪಲ್ ಆರ್ಕೇಡ್ ಮಷಿನ್ ಎಮ್ಯುಲೇಟರ್. ಆರ್ಕೇಡ್ ಅಂದ್ರೆ ಗೇಮ್ ಪಾರ್ಲರ್. ಇಟಲಿಯ ನಿಕೋಲಾ ಸಾಲ್ಮೋರಿಯಾ ಮೊದಲು ಪ್ಯಾಕ್-ಮ್ಯಾನ್ (ದೆವ್ವಗಳಿಂದ ತಪ್ಪಿಸಿಕೊಳ್ಳುತ್ತಾ ಚುಕ್ಕೆ, ಹಣ್ಣು ತಿನ್ನುವ ಗೇಮ್) ಥರದ ಗೇಮ್‌ಗಳಿಗಷ್ಟೇ ಒಂದು ಎಮ್ಯುಲೇಟರ್ ಬರೆದುಕೊಂಡಿದ್ದರು. ಅದನ್ನೇ ಬೆಳೆಸಿ 1997ರ ಫೆಬ್ರವರಿಯಲ್ಲಿ ಮೇಮ್‌ನ ಮೊದಲ ಆವೃತ್ತಿ ಬಿಟ್ಟರು. ಆಮೇಲೆ ಬೇರೆ ಬೇರೆ ದೇಶಗಳ ಜನ ಕೈಜೋಡಿಸಿದರು. 2016ರಿಂದ ಅದು ಓಪನ್ ಸೋರ್ಸ್, ಅಂದ್ರೆ ಕೋಡ್ ಯಾರು ಬೇಕಾದರೂ ನೋಡಿ ತಿದ್ದಬಹುದು. ಹಳೇ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವು ಅನ್ನುವುದನ್ನು ದಾಖಲೆ ಮಾಡಿಡುವುದೇ ಇದರ ಮುಖ್ಯ ಉದ್ದೇಶ. ನಮಗೆ ಗೇಮ್ ಆಡಲು ಸಿಗುವುದು ಅದರ ಜೊತೆಗೆ ಬಂದ ಲಾಭ ಅಷ್ಟೇ.

ಎಮ್ಯುಲೇಟರ್ ಅಂದ್ರೆ ಹಳೇ ಗೇಮ್ ನೋಡಿಕೊಂಡು ಯಾರೋ ಹೊಸದಾಗಿ ಬರೆದ ಗೇಮ್ ಅಂತ ತುಂಬಾ ಜನ ತಿಳಿದಿರುತ್ತಾರೆ. ಅದು ತಪ್ಪು. ಗೇಮ್ ಮೂಲದ್ದೇ. ಬೋರ್ಡ್ ಮೇಲಿದ್ದ ಚಿಪ್‌ಗಳ ಕೆಲಸವನ್ನು ಮಾತ್ರ ಸಾಫ್ಟ್‌ವೇರ್ ಮಾಡುತ್ತದೆ. 1980ರ ಪ್ಯಾಕ್-ಮ್ಯಾನ್ ಬೋರ್ಡನ್ನೇ ನೋಡಿ. ಅದರಲ್ಲಿ ಝಡ್-80 ಪ್ರೊಸೆಸರ್ 3.072 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಪೂರ್ತಿ ಪ್ರೋಗ್ರಾಂ 16 ಕಿಲೋಬೈಟ್. ಚಿತ್ರಗಳಿಗೆ ಇನ್ನೊಂದು 8 ಕಿಲೋಬೈಟ್. ಈ ಚಿಪ್‌ಗಳಲ್ಲಿ ಇರುವುದನ್ನು ಬೈಟ್ ಬೈಟ್ ಓದಿ ಫೈಲ್ ಮಾಡಿಕೊಳ್ಳುವುದಕ್ಕೆ ಡಂಪ್ ಮಾಡುವುದು ಅನ್ನುತ್ತಾರೆ. ಆ ಫೈಲೇ ರಾಮ್. ಕಂಪ್ಯೂಟರ್‌ಗೆ ಜಾಸ್ತಿ ಹಾಕಿಸಿಕೊಳ್ಳುವ ರ್‍ಯಾಮ್ ಬೇರೆ, ಇದು ಬೇರೆ. ಇದು ಓದಲಿಕ್ಕೆ ಮಾತ್ರ ಬರುವ ಮೆಮೊರಿ.

ಗೇಮ್ ಮೂಲದ್ದೇ ಅನ್ನುವುದಕ್ಕೆ ಪ್ಯಾಕ್-ಮ್ಯಾನ್‌ನ 256ನೇ ಲೆವೆಲ್ ಒಳ್ಳೆಯ ಸಾಕ್ಷಿ. ಲೆವೆಲ್ ಎಣಿಕೆಗೆ ಆ ಪ್ರೋಗ್ರಾಂ ಇಟ್ಟಿದ್ದು ಒಂದೇ ಬೈಟ್. ಅದರಲ್ಲಿ 255ರ ತನಕ ಮಾತ್ರ ಹಿಡಿಯುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ 256ನೇ ಲೆವೆಲ್‌ನಲ್ಲಿ ಆ ಸಂಖ್ಯೆ 255. ಪರದೆಯ ಕೆಳಗೆ ಹಣ್ಣುಗಳ ಚಿತ್ರ ಬಿಡಿಸುವಾಗ ಆ ಸಂಖ್ಯೆಗೆ ಒಂದು ಕೂಡಿಸುತ್ತಾರೆ. 255ಕ್ಕೆ ಒಂದು ಕೂಡಿದರೆ ಬೈಟ್ ಸೊನ್ನೆಗೆ ಬಂದುಬಿಡುತ್ತದೆ. ಬಿಡಿಸುವ ಲೂಪ್ ಸೊನ್ನೆಯಿಂದ ಕೆಳಗೆ ಎಣಿಸಲು ಹೋಗಿ 256 ಸಲ ಸುತ್ತುತ್ತದೆ. ಹಣ್ಣಿನ ಜಾಗ ಮುಗಿದ ಮೇಲೂ ಸಿಕ್ಕಿದ್ದನ್ನೆಲ್ಲ ಬಿಡಿಸುತ್ತಾ ಹೋಗುತ್ತದೆ. ಪರದೆಯ ಬಲಭಾಗ ಪೂರ್ತಿ ಅಕ್ಷರ, ಚುಕ್ಕೆಗಳ ಕಲಸುಮೇಲೋಗರ. ಎಡಭಾಗ ಮಾತ್ರ ಸರಿಯಾಗೇ ಇರುತ್ತದೆ. ಮೇಮ್‌ನಲ್ಲೂ ಇದೇ ಆಗುತ್ತದೆ. ಅದನ್ನು ಮೇಮ್‌ನವರು ಯಾರೂ ಬರೆದಿಲ್ಲ. 1980ರ ಕೋಡ್ ತನ್ನ ಪಾಡಿಗೆ ತಾನು ಅದೇ ತಪ್ಪು ಮಾಡುತ್ತದೆ.

ಚಿಪ್‌ನ ಆಚೆ ಇದ್ದದ್ದು ಮಾತ್ರ ಡಂಪ್‌ನಲ್ಲಿ ಬರುವುದಿಲ್ಲ. ಟೈಟೋ ಕಂಪನಿಯ 1978ರ ಸ್ಪೇಸ್ ಇನ್ವೇಡರ್ಸ್ ಕಪ್ಪು-ಬಿಳುಪು ಗೇಮ್. ಅದರಲ್ಲಿ ಕಾಣುತ್ತಿದ್ದ ಹಸಿರು, ಕೆಂಪು ಎಲ್ಲ ಪರದೆಗೆ ಹಚ್ಚಿದ ಬಣ್ಣದ ಸೆಲ್ಲೋಫೇನ್ ಪಟ್ಟಿಗಳದ್ದು. ಶಬ್ದ ಪ್ರೋಗ್ರಾಂನಿಂದ ಹುಟ್ಟುತ್ತಿರಲಿಲ್ಲ. ರೆಸಿಸ್ಟರ್, ಕೆಪಾಸಿಟರ್ ಜೋಡಿಸಿದ ಅನಲಾಗ್ ಸರ್ಕ್ಯೂಟ್‌ನಿಂದ ಬರುತ್ತಿತ್ತು. ಹಾಗಾಗಿ ಮೇಮ್‌ನಲ್ಲಿ ಇಂಥ ಗೇಮ್‌ಗಳಿಗೆ ಬಣ್ಣದ ಪಟ್ಟಿಯ ಚಿತ್ರ ಬೇರೆ ಫೈಲ್, ರೆಕಾರ್ಡ್ ಮಾಡಿದ ಶಬ್ದ ಬೇರೆ ಫೈಲ್ ಅಂತ ಸೇರಿಸಬೇಕಾಯಿತು. ಜಾಯ್‌ಸ್ಟಿಕ್‌ನ ಬಿಗಿ, ಬಟನ್‌ನ ಟಕ್ ಅನ್ನುವ ಸದ್ದು, ಟ್ಯೂಬಿನ ಹೊಳಪು, ನಿಂತುಕೊಂಡು ಆಡುವಾಗ ಮೊಣಕೈಗೆ ಸಿಗುವ ಎತ್ತರ, ಇವು ಯಾವುದೂ ಯಾವ ಫೈಲ್‌ನಲ್ಲೂ ಇಲ್ಲ. ಇಷ್ಟಕ್ಕೇ ಜನ ಒಂದು ಕ್ವಿಂಟಲ್ ತೂಗುವ ಪೆಟ್ಟಿಗೆಯನ್ನು ಮನೆಗೆ ಹೊತ್ತು ತರುವುದು. ಬರೀ ಗೇಮ್ ಆಡುವುದಾದರೆ ಲ್ಯಾಪ್‌ಟಾಪ್ ಸಾಕಿತ್ತು.

ಹಳೇ ಪೆಟ್ಟಿಗೆಗೆ ಬೇರೆ ಗೇಮ್ ತುಂಬುವುದು ಪಾಪ ಅನ್ನುವವರು ಇದ್ದಾರೆ. ಆ ವಾದ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆರ್ಕೇಡ್ ಧಂದೆಯಲ್ಲೇ ಈ ಕೆಲಸ ಮಾಮೂಲಾಗಿತ್ತು. ನಿಂಟೆಂಡೊ ಕಂಪನಿಯ ರಾಡಾರ್ ಸ್ಕೋಪ್ ಗೇಮ್ ಅಮೆರಿಕದಲ್ಲಿ ಮಾರಾಟವಾಗದೆ ಸುಮಾರು 2000 ಪೆಟ್ಟಿಗೆ ಗೋದಾಮಿನಲ್ಲೇ ಉಳಿದವು. 1981ರಲ್ಲಿ ಅವುಗಳಿಗೇ ಹೊಸ ಗೇಮ್ ಹಾಕಿ, ಹೊಸ ಸ್ಟಿಕ್ಕರ್ ಅಂಟಿಸಿ ಮಾರಿದರು. ಆ ಹೊಸ ಗೇಮೇ ಡಾಂಕಿ ಕಾಂಗ್. ಮೊದಮೊದಲ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪು ಬಣ್ಣದಲ್ಲಿ ಇರುವುದಕ್ಕೆ ಇದೇ ಕಾರಣ, ಅವು ರಾಡಾರ್ ಸ್ಕೋಪ್‌ನ ಕೆಂಪು ಪೆಟ್ಟಿಗೆಗಳೇ. ಆಮೇಲೆ ಹೊಸದಾಗಿ ಮಾಡಿದವು ನೀಲಿ. ಅದರ ಪರಿಣಾಮ ಏನಾಯಿತು ಅಂದ್ರೆ, ಬದಲಾಗದೆ ಉಳಿದ ರಾಡಾರ್ ಸ್ಕೋಪ್ ಪೆಟ್ಟಿಗೆ ಈಗ ಹುಡುಕಿದರೂ ಸಿಗುವುದು ಕಷ್ಟ.

ಅದಕ್ಕೇ ಪೆಟ್ಟಿಗೆಗಳಲ್ಲಿ ಎರಡು ಜಾತಿ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಒಂದೇ ಗೇಮ್‌ಗೆ ಅಂತ ಮಾಡಿ, ಮೈತುಂಬ ಅದರದೇ ಚಿತ್ರ ಬರೆದ ಪೆಟ್ಟಿಗೆ ಒಂದು ಜಾತಿ. ಯಾವ ಬೋರ್ಡ್ ಬೇಕಾದರೂ ಹಾಕಿಕೊಳ್ಳಲಿ ಅಂತ ಮಾಡಿದ್ದು ಇನ್ನೊಂದು. ಸೇಗಾದ 1993ರ ಆಸ್ಟ್ರೋ ಸಿಟಿ ಈ ಎರಡನೇ ಜಾತಿ. ಮೊದಲನೇ ಜಾತಿಯದ್ದು ಕೈಗೆ ಸಿಕ್ಕಿ, ಅದು ಕೆಲಸವನ್ನೂ ಮಾಡುತ್ತಿದ್ದರೆ, ದಯವಿಟ್ಟು ಗರಗಸ ಹಿಡಿಯಬೇಡಿ. ಎರಡನೇ ಜಾತಿಯದ್ದಾದರೆ ಧಾರಾಳವಾಗಿ ಮುಂದುವರಿಯಿರಿ. ಅದರಲ್ಲೂ ಒಂದೂ ವೈರ್ ಕತ್ತರಿಸದೆ ಮುಂದುವರಿಯಬಹುದು. ಅದು ಸಾಧ್ಯವಾಗಿರುವುದು ಜಾಮಾದಿಂದ.

ಜಪಾನಿನ ಆರ್ಕೇಡ್ ಯಂತ್ರ ತಯಾರಕರ ಸಂಘದ ಹೆಸರಿನ ಮೊದಲಕ್ಷರಗಳೇ ಜಾಮಾ. ಮೊದಲು ಒಂದೊಂದು ಕಂಪನಿಯ ವೈರಿಂಗ್ ಒಂದೊಂದು ಥರ ಇತ್ತು. 1985ರ ಹೊತ್ತಿಗೆ ಸಂಘದವರು 56 ಪಿನ್‌ನ ಒಂದೇ ಕನೆಕ್ಟರ್ ಗೊತ್ತುಮಾಡಿದರು. ಕರೆಂಟ್, ಚಿತ್ರ, ಶಬ್ದ, ಕಾಯಿನ್ ಸ್ವಿಚ್, ಇಬ್ಬರು ಆಟಗಾರರ ಜಾಯ್‌ಸ್ಟಿಕ್, ತಲಾ ಮೂರು ಬಟನ್, ಎಲ್ಲ ಅದೊಂದರಲ್ಲೇ. ಟೇಪ್ ರೆಕಾರ್ಡರ್‌ಗೆ ಕ್ಯಾಸೆಟ್ ಬದಲಾಯಿಸಿದ ಹಾಗೆ ಬೋರ್ಡ್ ಬದಲಾಯಿಸಬಹುದಾಯಿತು. 1991ರಲ್ಲಿ ಆರು ಬಟನ್‌ನ ಸ್ಟ್ರೀಟ್ ಫೈಟರ್ 2 ಬಂದಾಗ ಮೂರು ಬಟನ್ ಸಾಲಲಿಲ್ಲ. ಒದೆಯುವ ಬಟನ್‌ಗಳಿಗೆ ಅಂತಲೇ ಪಕ್ಕದಲ್ಲಿ ಬೇರೆ ವೈರ್ ಕಟ್ಟು ಎಳೆದರು.

ಮೇಮ್ ಕ್ಯಾಬ್ ಮಾಡುವಾಗ ಈ ಕನೆಕ್ಟರ್‌ಗೇ ಕಂಪ್ಯೂಟರ್ ಜೋಡಿಸುವ ಚಿಕ್ಕ ಬೋರ್ಡ್‌ಗಳು ಸಿಗುತ್ತವೆ. ಬ್ರಿಟನ್ನಿನ ಅಲ್ಟಿಮಾರ್ಕ್ ಕಂಪನಿಯ ಜೆ-ಪ್ಯಾಕ್ ಇವುಗಳಲ್ಲಿ ಹೆಸರುವಾಸಿ. ಪೆಟ್ಟಿಗೆಯ ಕಡೆಗೆ ಅದು ಗೇಮ್ ಬೋರ್ಡ್ ಥರ ಕಾಣುತ್ತದೆ. ಕಂಪ್ಯೂಟರ್ ಕಡೆಗೆ ಕೀಬೋರ್ಡ್ ಥರ. ಕಾಯಿನ್ ಹಾಕಿದರೆ ಒಳಗೆ ಒಂದು ಮೈಕ್ರೋಸ್ವಿಚ್ ಒತ್ತಿಕೊಳ್ಳುತ್ತದೆ. ಕಂಪ್ಯೂಟರ್‌ಗೆ ಅದು ಯಾರೋ 5ರ ಕೀ ಒತ್ತಿದ ಹಾಗೆ. ಸ್ಟಾರ್ಟ್ ಬಟನ್ ಅಂದ್ರೆ 1ರ ಕೀ. ಜಾಯ್‌ಸ್ಟಿಕ್ ಅಂದ್ರೆ ಬಾಣದ ಕೀಗಳು. ಮೇಮ್‌ನ ಮೂಲ ಸೆಟ್ಟಿಂಗ್ ಕೂಡ ಇದೇ ಆಗಿರುವುದರಿಂದ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಕಿಲ್ಲ. ಹಳೇ ಕೀಬೋರ್ಡ್ ಬಿಚ್ಚಿ ವೈರ್ ಬೆಸುಗೆ ಹಾಕಿ ದುಡ್ಡು ಉಳಿಸುವವರೂ ಉಂಟು. ಆದರೆ ಮಾಮೂಲಿ ಕೀಬೋರ್ಡ್‌ನಲ್ಲಿ ಮೂರ್ನಾಲ್ಕು ಕೀ ಒಟ್ಟಿಗೆ ಒತ್ತಿದರೆ ಕೆಲವು ದಾಖಲಾಗುವುದೇ ಇಲ್ಲ. ಇಬ್ಬರು ಹೊಡೆದಾಡುವ ಗೇಮ್‌ನಲ್ಲಿ ಜಗಳ ಪರದೆಯಿಂದ ಹೊರಗೆ ಬರಲು ಇಷ್ಟು ಸಾಕು.

ನಿಜವಾದ ತಲೆನೋವು ಪಿಕ್ಚರ್ ಟ್ಯೂಬ್. ಹಳೇ ಆರ್ಕೇಡ್ ಮಾನಿಟರ್ ಸೆಕೆಂಡಿಗೆ ಸುಮಾರು 15 ಸಾವಿರ ಗೆರೆ ಎಳೆಯುತ್ತದೆ. ಅದಕ್ಕೇ ಅದನ್ನು 15 ಕಿಲೋಹರ್ಟ್ಸ್ ಮಾನಿಟರ್ ಅನ್ನುವುದು. ಕಂಪ್ಯೂಟರ್‌ನ ವಿಜಿಎ ಸಿಗ್ನಲ್ ಶುರುವಾಗುವುದೇ 31 ಕಿಲೋಹರ್ಟ್ಸ್‌ನಿಂದ. ಸುಮ್ನೆ ಜೋಡಿಸಿಬಿಟ್ಟರೆ ಚಿತ್ರ ಹರಿದು ಹೋಳಾಗಿ ಕಾಣುತ್ತದೆ. ಕೆಲವು ಮಾನಿಟರ್ ಸುಟ್ಟೇ ಹೋಗಬಹುದು. 15 ಕಿಲೋಹರ್ಟ್ಸ್ ಕೊಡುವ ಗ್ರಾಫಿಕ್ಸ್ ಕಾರ್ಡ್ ಅಥವಾ ಅದಕ್ಕಾಗಿ ಬರೆದ ಡ್ರೈವರ್ ಬೇಕು. ಈ ಕೆಲಸಕ್ಕೆ ಗ್ರೂವಿಮೇಮ್ ಅನ್ನುವ ಮೇಮ್‌ನ ಕವಲೇ ಇದೆ. ಗೇಮ್ ಬೋರ್ಡ್‌ನ ವಿಡಿಯೋ ಸಿಗ್ನಲ್ ಕಂಪ್ಯೂಟರ್‌ನದ್ದಕ್ಕಿಂತ ಜೋರು. ಹಾಗಾಗಿ ಮಧ್ಯೆ ಅದನ್ನು ಏರಿಸುವ ಸರ್ಕ್ಯೂಟ್ ಇಲ್ಲದಿದ್ದರೆ ಚಿತ್ರ ಮಂಕಾಗುತ್ತದೆ. ಜೆ-ಪ್ಯಾಕ್‌ನಲ್ಲಿ ಅದು ಇದೆ.

ಇಷ್ಟೆಲ್ಲ ಯಾಕೆ, ಎಲ್‌ಸಿಡಿ ಹಾಕಿದರಾಗದೇ? ಹಾಕಬಹುದು, ತುಂಬಾ ಜನ ಹಾಕುತ್ತಾರೆ. ಆದರೆ ಒಂದು ಲೆಕ್ಕ ನೋಡಿ. ಪ್ಯಾಕ್-ಮ್ಯಾನ್ ಚಿತ್ರ 224 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. 1080 ಚುಕ್ಕೆ ಎತ್ತರದ ಎಲ್‌ಸಿಡಿಯಲ್ಲಿ ಪೂರ್ತಿ ತುಂಬಿಸಿದರೆ ಒಂದು ಚುಕ್ಕೆ ಮೂರೂಮುಕ್ಕಾಲು ಚುಕ್ಕೆ ಆಗಬೇಕು. ಮುಕ್ಕಾಲು ಚುಕ್ಕೆ ಅನ್ನುವುದು ಎಲ್‌ಸಿಡಿಯಲ್ಲಿ ಇಲ್ಲ. ಕೆಲವು ಸಾಲು ದಪ್ಪ, ಕೆಲವು ಸಣ್ಣ ಆಗುತ್ತವೆ. ಇಲ್ಲವೇ ಅಂಚು ಮಸುಕಾಗುತ್ತದೆ. ಟ್ಯೂಬ್‌ಗೆ ಈ ಗೋಳಿಲ್ಲ. ಗೇಮ್ ಎಷ್ಟು ಗೆರೆ ಕೊಟ್ಟಿತೋ ಅಷ್ಟೇ ಗೆರೆ ಎಳೆಯುತ್ತದೆ. ನನ್ನ ಮಟ್ಟಿಗೆ, ಟ್ಯೂಬ್ ಚೆನ್ನಾಗಿದ್ದರೆ ಉಳಿಸಿಕೊಳ್ಳಿ. ಹೋಗಿದ್ದರೆ ಎಲ್‌ಸಿಡಿಗೆ ಮುಖ ಸಿಂಡರಿಸಬೇಡಿ.

ಉಳಿಸಿಕೊಳ್ಳುವುದಾದರೆ ಹುಷಾರು. ಬಣ್ಣದ ಟ್ಯೂಬಿಗೆ ಹೈ ವೋಲ್ಟೇಜ್ ಸೇರುವ ಜಾಗವಾದ ಆನೋಡ್‌ನಲ್ಲಿ 20 ಸಾವಿರ ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಅದನ್ನು ಇಳಿಸಲು ಗೊತ್ತಿರುವ ಹಳೇ ಟಿವಿ ರಿಪೇರಿಯವರನ್ನು ಕರೆಸಿ. ಯೂಟ್ಯೂಬ್ ನೋಡಿ ಕೈ ಹಾಕುವ ಜಾಗ ಇದಲ್ಲ. ಎಷ್ಟೋ ಆರ್ಕೇಡ್ ಮಾನಿಟರ್‌ಗಳಿಗೆ, ಮೇನ್ಸ್ ಜೊತೆ ನೇರ ಸಂಪರ್ಕ ತಪ್ಪಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಕರೆಂಟ್ ಕೊಡಬೇಕು. ಹೊರದೇಶದ ಪೆಟ್ಟಿಗೆಯಾದರೆ ವೋಲ್ಟೇಜ್ ಕೂಡ ಬೇರೆ. ಜಪಾನಿನದ್ದು 100 ವೋಲ್ಟ್, ಅಮೆರಿಕದ್ದು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಅಲ್ಲಿಗೆ ಕಥೆ ಮುಗಿಯಿತು.

ಸಣ್ಣಪುಟ್ಟ ವಿಷಯ ಇನ್ನೂ ಕೆಲವಿವೆ. ಕಂಪ್ಯೂಟರ್‌ನ ಆಡಿಯೋ ಪೆಟ್ಟಿಗೆಯ ಸ್ಪೀಕರ್‌ಗೆ ಸಾಲದು, ನಡುವೆ ಒಂದು ಚಿಕ್ಕ ಆಂಪ್ಲಿಫೈಯರ್ ಬೇಕು. ಪ್ಯಾಕ್-ಮ್ಯಾನ್‌ಗೆ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಬೇಕು. ಎಂಟು ದಿಕ್ಕಿನದ್ದರಲ್ಲಿ ಆಡಿದರೆ ತಿರುವಿನಲ್ಲಿ ಸ್ಟಿಕ್ ಓರೆಗೆ ಹೋಗಿ ದೆವ್ವದ ಬಾಯಿಗೇ ಬೀಳುತ್ತೀರಿ. ಸ್ಟ್ರೀಟ್ ಫೈಟರ್‌ಗೆ ಎಂಟು ದಿಕ್ಕೇ ಬೇಕು. ಅದಕ್ಕಾಗಿ ಸ್ಟಿಕ್ ಎತ್ತೆತ್ತ ಹೋಗಬಹುದು ಅಂತ ಕಟ್ಟುಹಾಕುವ, ಅದರ ಕೆಳಗಿನ ಗೇಟ್ ತಿರುಗಿಸಿ ಬದಲಾಯಿಸುವ ಮಾದರಿಗಳಿವೆ. ಆಮೇಲೆ, ಗೇಮ್ ಬೋರ್ಡನ್ನು ಸ್ವಿಚ್ ಒತ್ತಿ ಹಾಗೇ ಆರಿಸಬಹುದಿತ್ತು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಷ್ಟಗಲದ ಕಂಪ್ಯೂಟರ್ ಹಾಕಿದ್ದರೆ ಹಾಗೆ ಮಾಡಬೇಡಿ. ಮೆಮೊರಿ ಕಾರ್ಡ್ ಕೆಡಬಹುದು.

ರಾಮ್ ಫೈಲ್‌ಗಳ ವಿಷಯ. ಮೇಮ್ ಜೊತೆ ಗೇಮ್ ಬರುವುದಿಲ್ಲ. ಗೇಮ್‌ಗಳ ಹಕ್ಕು ಆಯಾ ಕಂಪನಿಗಳದ್ದೇ. ಎಷ್ಟೇ ಹಳೆಯದಾದರೂ ಕಾಪಿರೈಟ್ ಹೋಗಿಲ್ಲ. ರಾಬಿ ರೋಟೋ ಥರದ ಕೆಲವನ್ನು ಮಾತ್ರ ಹಕ್ಕುದಾರರ ಅನುಮತಿಯಿಂದ ಮೇಮ್‌ನವರೇ ಉಚಿತವಾಗಿ ಕೊಡುತ್ತಾರೆ. ಇನ್ನೊಂದು ಗೊಂದಲ ಆವೃತ್ತಿಯದ್ದು. ಇನ್ನೂ ಸರಿಯಾದ ಡಂಪ್ ಸಿಕ್ಕಾಗಲೆಲ್ಲ ಮೇಮ್ ತನ್ನ ಪಟ್ಟಿ ತಿದ್ದಿಕೊಳ್ಳುತ್ತದೆ. ಒಂದು ಆವೃತ್ತಿಗೆ ಸರಿಹೋಗುವ ಫೈಲ್ ಇನ್ನೊಂದರಲ್ಲಿ ಓಡದೇ ಇರಬಹುದು. ರಾಸ್ಪ್‌ಬೆರಿ ಪೈನಲ್ಲಿ ತುಂಬಾ ಜನ ಬಳಸುವ ಮೇಮ್ 2003 ಅನ್ನುವುದು 0.78ನೇ ಆವೃತ್ತಿ. ಅದಕ್ಕೆ ಆ ಕಾಲದ ಫೈಲೇ ಬೇಕು.

ಹೆಸರಿನದ್ದೂ ಒಂದು ಗೋಜಲಿದೆ. ನಮ್ಮ ಪಾರ್ಲರ್‌ಗಳಲ್ಲಿ ಎಲ್ಲರೂ ಮುಗಿಬಿದ್ದು ಆಡುತ್ತಿದ್ದ ಮುಸ್ತಫಾ ಗೇಮನ್ನು ಮೇಮ್ ಪಟ್ಟಿಯಲ್ಲಿ ಆ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಮುಸ್ತಫಾ ಅನ್ನುವುದು ಅದರ ನಾಲ್ಕು ಪಾತ್ರಗಳಲ್ಲಿ ಒಬ್ಬನ ಹೆಸರು. ಗೇಮ್‌ನ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಕ್ಯಾಪ್‌ಕಾಮ್ ಕಂಪನಿಯದ್ದು, 1993ರದ್ದು. ಮೇಮ್‌ನಲ್ಲಿ ಅದರ ಗುರುತು ಬರೀ ಡೈನೋ. ಅದನ್ನು ಮೂವರು ಒಟ್ಟಿಗೆ ಆಡಬಹುದು. ಮೂರನೆಯವರ ಜಾಯ್‌ಸ್ಟಿಕ್ ಜಾಮಾ ಕನೆಕ್ಟರ್‌ನಲ್ಲಿ ಇಲ್ಲ. ಅದಕ್ಕೆ ಬೇರೆ ವೈರ್ ಎಳೆಯಬೇಕು.

ಕೊನೆಗೆ ಉಳಿಯುವುದು ಮೊದಲು ಬಿಚ್ಚಿ ಪಕ್ಕಕ್ಕಿಟ್ಟ ಬೋರ್ಡ್. ಗುಜರಿಗೆ ಹಾಕಬೇಡಿ. ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಸುತ್ತಿಡಿ. ಕೆಲವು ಚಿಪ್‌ಗಳ ನಡುವೆ ಗಾಜಿನ ಪುಟ್ಟ ಕಿಟಕಿ ಇದ್ದು, ಮೇಲೆ ಸ್ಟಿಕ್ಕರ್ ಇರುತ್ತದೆ. ಅದನ್ನು ಕೀಳಬೇಡಿ. ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ. ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡ್ ಆಗಿದ್ದರೆ ಒಳಗಿನ ಬ್ಯಾಟರಿಯನ್ನೂ ನೋಡಿಸಿ. ಅದು ಸತ್ತರೆ ಗೂಢಲಿಪಿಯಲ್ಲಿರುವ ಗೇಮ್ ಓದಲು ಬೇಕಾದ ಗುಪ್ತ ಕೀ ಅಳಿಸಿಹೋಗುತ್ತದೆ, ಬೋರ್ಡ್ ಓಡುವುದಿಲ್ಲ. ಬೋರ್ಡ್ ಮೇಲಿನ ಹೆಸರು, ನಂಬರ್ ಮೇಮ್ ಪಟ್ಟಿಯಲ್ಲಿ ಇದೆಯಾ ಅಂತಲೂ ಒಮ್ಮೆ ಹುಡುಕಿ. ಯಾರೂ ಡಂಪ್ ಮಾಡದ ಗೇಮ್‌ಗಳು ಇನ್ನೂ ಇವೆ.