ಬಲೆ ತುಂಬುತ್ತಲೇ ಇತ್ತು, ಕಡಲು ಬರಿದಾಗುತ್ತಿತ್ತು

1883ರಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಮಾತನಾಡುತ್ತ, ಕಾಡ್, ಹೆರಿಂಗ್, ಮ್ಯಾಕೆರೆಲ್ ಮೀನುಗಳು ಹಿಡಿದು ಮುಗಿಸುವಂಥವಲ್ಲ ಎಂದರು. ಈಗ ಆ ಮಾತನ್ನು ನೆನೆದು ನಗುವವರು ಅದರ ಜೊತೆಗಿದ್ದ ಷರತ್ತನ್ನು ಮರೆಯುತ್ತಾರೆ. ಆಗಿನ ಮೀನುಗಾರಿಕೆಯ ವಿಧಾನಗಳಿಗೆ ಮಾತ್ರ ಅನ್ವಯಿಸಿ ಅವರು ಹಾಗೆ ಹೇಳಿದ್ದು. ಮೀನು ಕಡಿಮೆಯಾದರೆ ಖರ್ಚು ಗಿಟ್ಟುವುದಿಲ್ಲ, ದೋಣಿಗಳು ದಡ ಸೇರುತ್ತವೆ, ಅಷ್ಟರಲ್ಲಿ ಸಂತತಿ ಚೇತರಿಸಿಕೊಳ್ಳುತ್ತದೆ ಎಂಬ ತರ್ಕ ಹಾಯಿ ಮತ್ತು ಗಾಳದ ಕಾಲಕ್ಕೆ ಒಪ್ಪುವಂಥದ್ದೇ.

1954ರಲ್ಲಿ ಬ್ರಿಟನ್ನಿನ 'ಫೇರ್‌ಟ್ರೈ' ಹಡಗು ಕಡಲಿಗಿಳಿದಾಗ ಆ ಷರತ್ತು ಮುರಿದುಬಿತ್ತು. ಅದರ ಹಿಂಬದಿಯಲ್ಲೊಂದು ಇಳಿಜಾರು. ಅದರ ಮೇಲೆ ಬಲೆಯನ್ನು ಯಂತ್ರ ಎಳೆದುಕೊಳ್ಳುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ಮೀನನ್ನು ಸೀಳಿ, ಮುಳ್ಳು ತೆಗೆದು, ಅಲ್ಲೇ ಹೆಪ್ಪುಗಟ್ಟಿಸಿ ಪೇರಿಸುತ್ತಿದ್ದರು. ಮೀನು ಕೆಡುತ್ತದೆಂದು ಬಂದರಿಗೆ ಓಡುವ ಅಗತ್ಯವೇ ಉಳಿಯಲಿಲ್ಲ. ಇಂಥ ಹಡಗುಗಳನ್ನು ಬಹುಬೇಗ ಹಲವು ದೇಶಗಳು ಕಟ್ಟಿಸಿದವು; ನೀರಿನಾಳದ ಮೀನಿನ ಹಿಂಡನ್ನು ತೋರಿಸುವ ಸೋನಾರ್ ಕೂಡ ಕೈಸೇರಿತು.

ದೊಡ್ಡ ಪೆಟ್ಟು ಬಿದ್ದದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿಗೆ. 1968ರಲ್ಲಿ ಅಲ್ಲಿ ಹಿಡಿದ ಕಾಡ್ ಸುಮಾರು 8 ಲಕ್ಷ ಟನ್. 1977ರಲ್ಲಿ ಕೆನಡಾ ತನ್ನ ತೀರದಿಂದ 200 ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆಯ ಹಕ್ಕು ಸಾರಿ ವಿದೇಶಿ ಹಡಗುಗಳ ಹಿಡಿತ ತಪ್ಪಿಸಿತು. ಆಮೇಲೆ ಆ ಜಾಗಕ್ಕೆ ತನ್ನವೇ ಟ್ರಾಲರುಗಳನ್ನು, ಅಂದರೆ ಬಲೆ ಎಳೆದು ಸಾಗುವ ಹಡಗುಗಳನ್ನು, ಬಿಟ್ಟಿತು! ದಡದ ಹತ್ತಿರ ಸಣ್ಣ ದೋಣಿ ನಡೆಸುವವರು ಮೀನು ಕಡಿಮೆಯಾಗಿದೆ, ಗಾತ್ರವೂ ಕುಗ್ಗಿದೆ ಎಂದು 1980ರ ದಶಕದಲ್ಲೇ ಹೇಳತೊಡಗಿದ್ದರು. ಆದರೆ ಟ್ರಾಲರುಗಳ ಲೆಕ್ಕದಲ್ಲಿ ಬಲೆ ತುಂಬಿಯೇ ಬರುತ್ತಿತ್ತು. ಕಾಡ್ ಎಷ್ಟೇ ವಿರಳವಾದರೂ ಉಳಿದವು ಒತ್ತಾಗಿ ಒಂದೆಡೆ ಸೇರುತ್ತವೆ. ಸೋನಾರ್ ಇದ್ದವನಿಗೆ ಕೊನೆಯ ಹಿಂಡೂ ಸುಗ್ಗಿಯಾಗಿಯೇ ಕಾಣುತ್ತದೆ. ಈ ಕಥೆಯಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸುವುದು ದುರಾಸೆಯಲ್ಲ, ಈ ಸಮೃದ್ಧಿಯ ಭ್ರಮೆ.

1992ರ ಜುಲೈ 2ರಂದು ಸಚಿವ ಜಾನ್ ಕ್ರಾಸ್ಬಿ ಕಾಡ್ ಹಿಡಿಯುವುದನ್ನು ನಿಷೇಧಿಸಿದರು. ಸುಮಾರು 30,000 ಮಂದಿಯ ಕೆಲಸ ಹೋಯಿತು. ಎರಡೇ ವರ್ಷ ಎಂದಿದ್ದ ನಿಷೇಧ ಪೂರ್ತಿ ತೆರವಾದದ್ದು 2024ರಲ್ಲಿ.

ಇಷ್ಟು ತಡವಾಗಲು ಒಂದು ಕಾರಣ ಮೀನಿನ ವಯಸ್ಸು. ವಯಸ್ಸಾದ ದೊಡ್ಡ ಹೆಣ್ಣು ಕಾಡ್ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ, ಬಲೆ ಮೊದಲು ಬಾಚುವುದು ಅದನ್ನೇ. ಆಳಸಮುದ್ರದ ಆರೆಂಜ್ ರಫಿಯ ಕಥೆ ಇನ್ನೂ ಕಠಿಣ: ನೂರು ವರ್ಷ ಮೀರಿ ಬದುಕುವ ಆ ಮೀನು ಮರಿ ಮಾಡುವ ಪ್ರಾಯಕ್ಕೆ ಬರಲು ಎರಡು-ಮೂರು ದಶಕವೇ ಬೇಕು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ, 1974ರಲ್ಲಿ ಕಡಲಿನ ಮೀನು ಸಂತತಿಗಳಲ್ಲಿ ಮಿತಿಮೀರಿ ಹಿಡಿದವುಗಳ ಪಾಲು ಶೇ 10. 2021ಕ್ಕೆ ಅದು ಶೇ 37.7. ಮೀನುಗಾರಿಕೆ ತಗ್ಗಿಸಿದರೆ ಮೀನು ಮರಳುವುದೂ ಉಂಟು: ಹಿಡಿಯುವ ಪ್ರಮಾಣವನ್ನು ಗಟ್ಟಿಯಾಗಿ ಕಡಿತಗೊಳಿಸಿದ ಮೇಲೆ ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ 2021ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು.

ಖರ್ಚು ಗಿಟ್ಟದ ದೋಣಿ ತಾನಾಗಿ ದಡ ಸೇರುತ್ತದೆ ಎಂಬ ಹಕ್ಸ್ಲಿಯ ನಂಬಿಕೆಯನ್ನು ಕೆಡಿಸಿದ್ದು ಸರ್ಕಾರಗಳ ಸಬ್ಸಿಡಿ. ನಷ್ಟದಲ್ಲಿರುವ ಹಡಗಿಗೂ ಡೀಸೆಲ್ ಸಿಕ್ಕರೆ ಅದು ಏಕೆ ನಿಂತೀತು? 2022ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಅಕ್ರಮ ಮೀನುಗಾರಿಕೆಗೆ ಮತ್ತು ಈಗಾಗಲೇ ಬಸವಳಿದ ಸಂತತಿಗಳನ್ನು ಹಿಡಿಯುವುದಕ್ಕೆ ಹಣ ಕೊಡಬಾರದೆಂದು ಒಪ್ಪಿಕೊಂಡವು. 2025ರ ಸೆಪ್ಟೆಂಬರಿನಲ್ಲಿ ಒಪ್ಪಂದ ಜಾರಿಗೆ ಬಂತು. ಅಗತ್ಯಕ್ಕಿಂತ ಹೆಚ್ಚು ಹಡಗುಗಳನ್ನು ಕಡಲಿನಲ್ಲಿ ಇರಿಸುವ ಸಬ್ಸಿಡಿಯ ವಿಷಯವನ್ನು ಮಾತ್ರ ಮುಂದಿನ ಮಾತುಕತೆಗೆ ಬಿಟ್ಟರು.